ಎದ್ದು ಊಟ ಮಾಡಿ

ಬಳ್ಳಾರಿಯ ಕೌಲ್ ಬಜಾರಿನಿಂದ ಓದುಗರೊಬ್ಬರ ಪತ್ರ: ‘ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರ್ ಹೇಳಿದರು. ಜನವರಿಯಿಂದ ದಿನಾ ಓಡಿದೆ. ಒಂದೇ ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸುವ ತೀರ್ಮಾನವನ್ನೂ ಮಾಡಿದೆ. ಶುಕ್ರವಾರ ಉಪವಾಸ ಕೂಟ ಇದ್ದರೂ ಓಟ ಬಿಡಲಿಲ್ಲ. ಮಾರ್ಚ್ ಹೊತ್ತಿಗೆ ಕಾಲು ನೋವು ಬಂದು ಓಟ ನಿಂತಿತು. ಓದು ಬೈಬಲಿನ ಮೂರನೇ ಪುಸ್ತಕ ಯಾಜಕಕಾಂಡ ದಾಟಿಲ್ಲ. ನಂಬಿಕೆ ಸಾಲದು ಎಂದು ಸಭೆಯ ಹಿರಿಯರು ಹೇಳುತ್ತಾರೆ. ಹುಮ್ಮಸ್ಸು ಮತ್ತೆ ಬರುವುದು ಹೇಗೆ?’

ಪ್ರಿಯ ಸಹೋದರರೇ, ವಂದನೆಗಳು.

ನಿಮಗೆ ಹುಮ್ಮಸ್ಸು ಕಡಿಮೆ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಜಾಸ್ತಿಯೇ ಇತ್ತು, ಕಾಲು ಕೆಡಿಸಿದ್ದು ಅದೇ. ಹೊಸದಾಗಿ ಓಡುವವರಿಗೆ ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಅದಕ್ಕೆ ಸ್ನಾಯು ಕಟ್ಟಿಕೊಂಡಿರುವ ನಾರು ಪಳಗಲು ತಿಂಗಳುಗಳೇ ಬೇಕು. ಎದೆ ಇನ್ನೂ ಓಡು ಅನ್ನುತ್ತದೆ, ಕಾಲು ಒಪ್ಪುವುದಿಲ್ಲ. ಅದಕ್ಕೇ ದೂರದ ಓಟಗಾರರು ಅಭ್ಯಾಸದ ಹೆಚ್ಚಿನ ಪಾಲನ್ನು ನಿಧಾನವಾಗಿಯೇ ಓಡುತ್ತಾರೆ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ನಡುವೆ ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ ಲೆಕ್ಕ.

ಇನ್ನು ಹಿರಿಯರ ಮಾತು. ಬೈಬಲಿನ ಪ್ರವಾದಿ ಎಲೀಯನಿಗೂ ನಂಬಿಕೆ ಸಾಲದು ಎನ್ನುತ್ತಾರಾ ಅವರು? ಕರ್ಮೆಲ್ ಬೆಟ್ಟದಲ್ಲಿ ಅವನ ಪ್ರಾರ್ಥನೆಗೆ ಬೆಂಕಿ ಇಳಿಯಿತು, ಮಳೆಯೂ ಬಂತು. ಆಮೇಲೆ ಅವನು ರಾಜ ಅಹಾಬನ ರಥದ ಮುಂದೆ ಇಜ್ರೇಲಿನವರೆಗೆ ಓಡಿದ. ಇಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ ದೂರ ಅದು. ಮುಂದಿನ ಅಧ್ಯಾಯದಲ್ಲಿ ನೋಡಿದರೆ ಅದೇ ಮನುಷ್ಯ ರಾಣಿ ಈಜೆಬೆಲಳಿಗೆ ಹೆದರಿ ಅಡವಿ ಸೇರಿದ್ದಾನೆ. ಜಾಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಿದ್ದಾನೆ. (ಜಾಲಿ ಗಿಡದ ನೆರಳು ಎಷ್ಟು ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ.)

ಆಗ ಬಂದ ದೇವದೂತ ಅವನನ್ನು ಬೈಯಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿದಾಗಲೂ ಅದೇ ಮಾತು. ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿನ್ನು ಅಂದ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ವಿಚಾರಿಸಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಮ್ಮ ಸಭೆಗಳಲ್ಲಿ ಇದು ತಿರುಗುಮುರುಗು. ಸೋತು ಬಂದವನಿಗೆ ಮೊದಲು ಬೈಬಲ್ ವಾಕ್ಯ ಹೇಳುತ್ತೇವೆ. ಊಟ ಆಯಿತಾ, ನಿದ್ದೆ ಬರುತ್ತಾ ಅಂತ ಕೇಳಲು ಮರೆತೇ ಹೋಗುತ್ತದೆ.

ಓಟದಲ್ಲಿ ಬಹುಮಾನ ಒಬ್ಬನಿಗೇ ಎಂದು ಬೈಬಲಿನಲ್ಲಿ ಪೌಲ ಬರೆದ ಮಾತನ್ನು ಯಾರಾದರೂ ನಿಮ್ಮ ಮುಂದೆ ಎತ್ತಬಹುದು. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದವು. ಆ ಊರಿನವರಿಗೆ ತಿಳಿಯುವ ಹಾಗೆ ಬರೆದ ಮಾತು ಅದು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಓಟಕ್ಕೆ ಕೇಳಿರುವುದು ತಾಳ್ಮೆ. ಭಾರ ಇಳಿಸಿ ಓಡಿ ಅಂತಲೂ ಇದೆ. ವರ್ಷದೊಳಗೆ ಮುಗಿಸಲೇಬೇಕು ಎಂಬ ಹಟವೂ ಭಾರವೇ ಅಲ್ವಾ? ಬೈಬಲ್‌ನಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರಕ್ಕಿಂತ ಜಾಸ್ತಿಯಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಿಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕೈಹಾಕಿದ ಕನ್ನಡ ಬೈಬಲ್ ಅನುವಾದ ಪೂರ್ತಿ ಅಚ್ಚಾಗಲು 1831ರವರೆಗೆ ಕಾಯಬೇಕಾಯಿತು. ನೀವು ದಿನಕ್ಕೆ ಒಂದೇ ಅಧ್ಯಾಯ ಓದಿ. ಯಾಜಕಕಾಂಡ ಸದ್ಯಕ್ಕೆ ಹಾಗೇ ಇರಲಿ, ಮಾರ್ಕನ ಸುವಾರ್ತೆ ಹಿಡಿಯಿರಿ.

ನೋವು ಪೂರ್ತಿ ಹೋಗುವವರೆಗೆ ಓಟ ಬೇಡ. ಹೋಗದಿದ್ದರೆ ತೋರಿಸಿಕೊಳ್ಳಿ. ಆಮೇಲೆ ವಾರಕ್ಕೆ ಮೂರು ದಿನ, ಸ್ವಲ್ಪ ಓಟ, ಸ್ವಲ್ಪ ನಡಿಗೆ. ಈ ಬಿಸಿಲಿನಲ್ಲಿ ಏಳು ಗಂಟೆಯೊಳಗೆ ಮನೆ ಸೇರಿ. ಸಭೆಯಲ್ಲಿ ಒಬ್ಬರಾದರೂ ಜೊತೆಗೆ ಬರುವವರು ಸಿಕ್ಕಾರು. ಉಪವಾಸದ ದಿನ ಮಾತ್ರ ಸುಮ್ನೆ ಮನೆಯಲ್ಲಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಉಪವಾಸ ಮಾಡಬಹುದೇ ಎಂದು ಮೊದಲು ಡಾಕ್ಟರನ್ನು ಕೇಳಿ. ಪಾಸ್ಟರಿಗೆ ಆಮೇಲೆ ತಿಳಿಸಿದರೆ ಸಾಕು.

– ಸಂ.