1929ರಲ್ಲಿ ಥಿಯೇಟರ್ ಇದ್ದಿದ್ದರೆ ಯಾವ ಸೌಂಡ್ ಮಷೀನು ಹಾಕಿಸಬೇಕಿತ್ತು?

ಪ್ರಶ್ನೆ: ಅಮೆರಿಕದಲ್ಲಿ ಟಾಕಿ ಬಂದ ಹೊಸದರಲ್ಲಿ ಎರಡು ಥರದ ಮಷೀನುಗಳಿದ್ದವಂತೆ. ಒಂದರಲ್ಲಿ ಶಬ್ದ ಗ್ರಾಮಫೋನ್ ತಟ್ಟೆಯಿಂದ, ಇನ್ನೊಂದರಲ್ಲಿ ಫಿಲ್ಮಿನ ಅಂಚಿನಿಂದಲೇ. 1929ರಲ್ಲಿ ಸಣ್ಣ ಊರಿನ ಥಿಯೇಟರ್ ಮಾಲೀಕನೊಬ್ಬ ನಿಮ್ಮನ್ನು ಕೇಳಿದ್ದರೆ ಯಾವುದನ್ನು ನಂಬು ಅನ್ನುತ್ತಿದ್ದಿರಿ?
– ಸಿನಿಮಾ ಇತಿಹಾಸದ ವಿದ್ಯಾರ್ಥಿ, ಹಾಸನ

ಉತ್ತರ: ಫಿಲ್ಮಿನ ಶಬ್ದವನ್ನು ನಂಬು, ಆದರೆ ತಟ್ಟೆಯ ಮಷೀನೂ ಇರಲಿ ಅನ್ನುತ್ತಿದ್ದೆ. ಆ ವರ್ಷ ಬೇರೆ ದಾರಿ ಇರಲಿಲ್ಲ. ವಾರ್ನರ್ ಸ್ಟುಡಿಯೊದ ಚಿತ್ರ ಬೇಕಾದರೆ ತಟ್ಟೆ ಬೇಕು, ಫಾಕ್ಸ್ ಸ್ಟುಡಿಯೊದ ಚಿತ್ರ ಬೇಕಾದರೆ ಫಿಲ್ಮಿನ ಸೌಂಡ್‌ಹೆಡ್ (ಫಿಲ್ಮಿನ ಅಂಚಿನ ಶಬ್ದವನ್ನು ಓದುವ ಭಾಗ) ಬೇಕು. ಒಂದೇ ಇದ್ದರೆ ಎಷ್ಟೋ ಚಿತ್ರಗಳು ನಿಮ್ಮ ಊರಿಗೆ ಬರುವುದೇ ಇಲ್ಲ.

ತಟ್ಟೆಯ ಪದ್ಧತಿಯ ಹೆಸರು ವೈಟಾಫೋನ್. 16 ಇಂಚಿನ ತಟ್ಟೆ, ನಿಮಿಷಕ್ಕೆ 33⅓ ಸುತ್ತು. ಮುಳ್ಳು ಒಳಗಿನಿಂದ ಹೊರಕ್ಕೆ ಓಡುತ್ತಿತ್ತು. 1000 ಅಡಿಯ ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಹೊಸ ತಟ್ಟೆಯ ಶಬ್ದ ಚೆನ್ನಾಗಿಯೇ ಇತ್ತು, ಅದರಲ್ಲಿ ಅನುಮಾನ ಬೇಡ. ತೊಂದರೆ ಆಮೇಲೆ. ಸುಮಾರು 20 ಸಲ ಹಾಕಿದ ಮೇಲೆ ತಟ್ಟೆ ಸವೆದಂತೆಯೇ ಲೆಕ್ಕ. ಪ್ರತಿ ಸಲ ಹಾಕಿದಾಗ ಗುರುತು ಮಾಡಲಿ ಅಂತ ಲೇಬಲ್ ಮೇಲೇ ಚೌಕಗಳನ್ನು ಅಚ್ಚು ಹಾಕಿರುತ್ತಿದ್ದರು. ಗುರುತು ಮಾಡದ ಆಪರೇಟರುಗಳೂ ಇದ್ದರು ಅನ್ನಿ!

ಇನ್ನೊಂದು ಪೀಕಲಾಟ ಫಿಲ್ಮ್ ಹರಿದಾಗ. ಮೂಕಿ ಕಾಲದಲ್ಲಿ ನಾಲ್ಕು ಫ್ರೇಮು ಕತ್ತರಿಸಿ ಅಂಟಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಹಾಗಲ್ಲ. ತಟ್ಟೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಫಿಲ್ಮ್ ನಾಲ್ಕು ಫ್ರೇಮು ಮುಂದೆ ಹೋಗಿರುತ್ತದೆ. ಹೋದಷ್ಟೇ ಕಪ್ಪು ಫ್ರೇಮುಗಳನ್ನು ಎಣಿಸಿ ಸೇರಿಸಬೇಕು. ಮುಳ್ಳು ಒಂದು ಗೆರೆ ಹಾರಿದರಂತೂ ನಾಯಕಿಯ ಬಾಯಲ್ಲಿ ಖಳನಾಯಕನ ಮಾತು. ಆ ರೀಲು ಮುಗಿಯುವವರೆಗೆ ಸರಿಮಾಡುವುದು ಕಷ್ಟ.

ಫಿಲ್ಮಿನ ಮೇಲಿನ ಶಬ್ದಕ್ಕೆ ಈ ಕಾಟವಿಲ್ಲ. ಚಿತ್ರ ಹರಿದರೆ ಶಬ್ದವೂ ಅಲ್ಲೇ ಹರಿಯುತ್ತದೆ, ಹೊಂದಾಣಿಕೆ ತಪ್ಪುವುದಿಲ್ಲ. ಸೌಂಡ್‌ಹೆಡ್ಡಿನೊಳಗಿನ ಎಕ್ಸೈಟರ್ ಲ್ಯಾಂಪ್ ಅನ್ನುವ ಸಣ್ಣ ದೀಪದ ಬೆಳಕು ಸಣ್ಣ ಸೀಳಿನಿಂದ ಹಾದು, ಫಿಲ್ಮಿನ ಅಂಚಿನ ಶಬ್ದದ ಪಟ್ಟಿಯನ್ನು ದಾಟಿ, ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಸೆಲ್ ಮೇಲೆ ಬೀಳುತ್ತದೆ. ಬೆಳಕಿನ ಏರಿಳಿತವೇ ಶಬ್ದವಾಗುತ್ತದೆ. ಫಾಕ್ಸ್‌ನವರ ಮೂವಿಟೋನ್ ಪಟ್ಟಿಯಲ್ಲಿ ತಿಳಿ, ಗಾಢ ಅಡ್ಡಗೆರೆಗಳು. ಆರ್‌ಸಿಎ ಕಂಪನಿಯ ಫೋಟೋಫೋನ್ ಪಟ್ಟಿಯಲ್ಲಿ ಗರಗಸದ ಹಲ್ಲಿನಂಥ ಅಂಚು. ನೋಡಲು ಬೇರೆ ಬೇರೆ, ಆದರೆ ಎರಡನ್ನೂ ಒಂದೇ ಸೌಂಡ್‌ಹೆಡ್ ಓದುತ್ತದೆ.

ಹಾಗಂತ ಇದರಲ್ಲಿ ಏನೂ ನೋಡಬೇಕಿಲ್ಲ ಅಂತಲ್ಲ. ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ಚಿತ್ರದ ಮೇಲೆ ಬೆಳಕು ಬೀಳುವ ಜಾಗದಲ್ಲಿ, ಫಿಲ್ಮ್ ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗುತ್ತದೆ. ಸುಮಾರು 20 ಫ್ರೇಮು ಆಚೆ, ಸೌಂಡ್‌ಹೆಡ್ಡಿನಲ್ಲಿ, ಅದೇ ಫಿಲ್ಮ್ ಒಂದಿಷ್ಟೂ ಅಲುಗದೆ ಸಮನಾಗಿ ಓಡಬೇಕು. ಅಗ್ಗದ ಮಷೀನುಗಳು ಸೋಲುತ್ತಿದ್ದದ್ದು ಇಲ್ಲೇ. ಮಾತಿನಲ್ಲಿ ಈ ನಡುಕ ಅಷ್ಟು ಗೊತ್ತಾಗುವುದಿಲ್ಲ. ಪಿಯಾನೊದ ಒಂದು ಉದ್ದನೆಯ ಸ್ವರ ಕೇಳಿಸಿಕೊಳ್ಳಿ, ಅದು ತೇಲಾಡಿದರೆ ಆ ಮಷೀನು ಬೇಡ. ಡೀಲರು ಡೆಮೊಗೆ ಬರೀ ಸಂಭಾಷಣೆ ಹಾಕಿದರೆ ನಾನಂತೂ ಅನುಮಾನಪಡುತ್ತೇನೆ.

ಇದೆಲ್ಲದಕ್ಕಿಂತ ಜಾಸ್ತಿ ತೂಕದ ಮಾತು ರಿಪೇರಿಯದು. ಸೌಂಡ್ ಮಷೀನು ಮಾಡುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನ ಅಂಗಸಂಸ್ಥೆ ಇಆರ್‌ಪಿಐ ಮಷೀನನ್ನು ಮಾರುತ್ತಲೇ ಇರಲಿಲ್ಲ, ದೀರ್ಘಾವಧಿ ಗುತ್ತಿಗೆಗೆ ಕೊಡುತ್ತಿತ್ತು. ಮೇಲೆ ಪ್ರತಿವಾರ ಸರ್ವಿಸ್ ಶುಲ್ಕ. ಮಾಲೀಕರು ಬೈದುಕೊಂಡೇ ಕಟ್ಟಿದರು. ಪೇಸೆಂಟ್‌ನಂಥ ಸ್ವತಂತ್ರ ಕಂಪನಿಗಳ ಮಷೀನು ಅಗ್ಗವಾಗಿತ್ತು, ಆದರೆ ಪೇಟೆಂಟ್ ಮೊಕದ್ದಮೆಯ ಕತ್ತಿ ತಲೆಯ ಮೇಲೆ. ಶನಿವಾರ ಸಂಜೆ ಆಂಪ್ಲಿಫೈಯರ್ ವಾಲ್ವು ಹೋದರೆ ಯಾರು ಬರುತ್ತಾರೆ? ದುಬಾರಿಯಾದರೂ ಸರ್ವಿಸ್ ಇಂಜಿನಿಯರ್ ಇರುವ ಕಂಪನಿಯನ್ನೇ ಹಿಡಿ ಅನ್ನುತ್ತಿದ್ದೆ. ಆ ಸೇವೆಗೆ ಬೆಲೆ ಇತ್ತು ಅನ್ನುವುದಕ್ಕೆ ಸಾಕ್ಷಿ ಬೇಕಾ? 1937ರಲ್ಲಿ ಇಆರ್‌ಪಿಐ ಆ ಕೆಲಸ ಬಿಟ್ಟಾಗ, ಅಲ್ಲಿದ್ದವರೇ ಸೇರಿ ಆಲ್ಟೆಕ್ ಸರ್ವಿಸ್ ಕಟ್ಟಿ ಅದನ್ನು ಮುಂದುವರಿಸಿದರು.

ಪ್ರಶ್ನೆ: ಆಗಿನ ಥಿಯೇಟರ್ ಆಂಪ್ಲಿಫೈಯರುಗಳು ಹತ್ತು ಹದಿನೈದು ವಾಟ್‌ನವಂತೆ. ಅಷ್ಟರಲ್ಲಿ ಸಾವಿರ ಜನಕ್ಕೆ ಹೇಗೆ ಕೇಳಿಸುತ್ತಿತ್ತು?
– ಓದುಗರು, ಹುಬ್ಬಳ್ಳಿ

ಉತ್ತರ: ಅದು ಹಾರ್ನಿನ ಮಹಿಮೆ. ವೆಸ್ಟರ್ನ್ ಎಲೆಕ್ಟ್ರಿಕ್‌ನ 555 ಡ್ರೈವರನ್ನು (ವಿದ್ಯುತ್ತನ್ನು ಶಬ್ದವಾಗಿಸುವ ಭಾಗ) ಉದ್ದನೆಯ ಸುರುಳಿ ಹಾರ್ನಿಗೆ ಜೋಡಿಸಿದರೆ, ಕೊಟ್ಟ ವಿದ್ಯುತ್ತಿನಲ್ಲಿ ಕಾಲು ಭಾಗಕ್ಕೂ ಜಾಸ್ತಿ ಶಬ್ದವಾಗಿ ಹೊರಬರುತ್ತಿತ್ತು. ಈಗಿನ ಮನೆಯ ಸ್ಪೀಕರುಗಳಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ಹಾರ್ನುಗಳನ್ನು ಪರದೆಯ ಹಿಂದೆ ಇಡುತ್ತಿದ್ದರು, ಶಬ್ದ ಹಾಯಲು ಪರದೆಗೆ ಸಣ್ಣ ತೂತುಗಳು. ಕೇಳಿಸದೆ ಹೋಗುವುದಕ್ಕಿಂತ ಮಾರ್ದನಿಯ ಕಾಟವೇ ಹೆಚ್ಚು. ಮೂಕಿಗೆ ಕಟ್ಟಿದ ಬೋಳು ಗೋಡೆಯ ಥಿಯೇಟರುಗಳಲ್ಲಿ ಮಾತು ಮಾತಿಗೆ ಮೆತ್ತಿಕೊಳ್ಳುತ್ತಿತ್ತು. ಜನ ತುಂಬಿದ ದಿನ ಪರವಾಗಿಲ್ಲ, ಖಾಲಿ ಮ್ಯಾಟಿನಿಯಲ್ಲಿ ಕೇಳಲಾಗುತ್ತಿರಲಿಲ್ಲ. ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಡುವುದು ಆಗ ಕಡಿಮೆ ಖರ್ಚಿನ ಒಂದು ಮದ್ದು.