ಹೆಬ್ಬೆಟ್ಟು ಒತ್ತಿದ್ದಾರೆ ಎಂದ ಮಾತ್ರಕ್ಕೆ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದುವಾಗ ಕರುಳು ಚುರುಕ್ಕೆಂದಿತು, ಕೋಪವೂ ಬಂತು.

ಬರೆದವರಿಗೆ 29 ವರ್ಷ. ಊರು ಮದ್ದೂರಿನ ಹತ್ತಿರ, ವಾಸ ಮೈಸೂರಿನ ಬಾಡಿಗೆ ಕೋಣೆಯಲ್ಲಿ. ಮದುವೆಗಳ ವಿಡಿಯೊ ತೆಗೆದು ಬಾಡಿಗೆ ಕಟ್ಟುತ್ತಾರೆ. ಉಳಿದ ಹಣವನ್ನೆಲ್ಲ, ಮುಂಗಡ ಪಡೆದು ಆಲೆಮನೆಗಳಲ್ಲಿ ಜೀತಕ್ಕೆ ಸಿಕ್ಕಿಬಿದ್ದವರ ಕುರಿತ ಸಾಕ್ಷ್ಯಚಿತ್ರಕ್ಕೆ ಸುರಿದಿದ್ದಾರೆ. ಚಿತ್ರ ಮುಗಿದು ಚಿತ್ರೋತ್ಸವವೊಂದಕ್ಕೆ ಆಯ್ಕೆಯಾಗಿದೆ. ಅಪ್ಪ ಮಾತ್ರ ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎನ್ನುತ್ತ, ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಸೇರೆಂದು ಹಟ ಹಿಡಿದಿದ್ದಾರೆ. ಮಾನವ ಹಕ್ಕುಗಳ ಚಿತ್ರಗಳನ್ನೇ ಬದುಕಾಗಿಸಿಕೊಳ್ಳಲೇ, ಕೈಬಿಡಲೇ? ಇದು ಅವರ ಪ್ರಶ್ನೆ.

ಅಪ್ಪನ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ನಡುವೆ ಒಂದೇ ಸಾಲಿನಲ್ಲಿ, ಚಿತ್ರದಲ್ಲಿರುವ ಅಕ್ಕ ಒಬ್ಬರು ಫೋನ್ ಮಾಡಿ ತಮ್ಮ ಮುಖ ತೆಗೆಯಿರಿ ಎನ್ನುತ್ತಿದ್ದಾರೆ ಎಂದಿದ್ದೀರಿ. ‘ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಾರಲ್ಲ, ಅವರಿಲ್ಲದೆ ಚಿತ್ರಕ್ಕೆ ಜೀವವೇ ಇಲ್ಲ’ ಎಂದು ಎಡಿಟಿಂಗ್ ಮಾಡುವ ಗೆಳೆಯ ಹೇಳಿದನಂತೆ. ಅಲ್ಲಿಂದ ಮತ್ತೆ ಅಪ್ಪನ ದೂರಿಗೆ ಹೊರಳಿದ್ದೀರಿ.

ನನಗೆ ಮುಂದೆ ಓದಲಾಗಲಿಲ್ಲ. ಆ ಅಕ್ಕನನ್ನು ಆಲೆಮನೆಗೆ ಕಟ್ಟಿಹಾಕಿದ್ದೂ ಓದಲು ಬಾರದ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟೇ ಎಂದು ನೀವೇ ಬರೆದಿದ್ದೀರಿ. ಈಗ ನಿಮ್ಮ ಕಾಗದವನ್ನೂ ಅವರ ಎದುರು ಹಿಡಿಯುತ್ತೀರಾ? ಅವರ ಮಗ ಇಂದಿಗೂ ಆಲೆಮನೆ ಮಾಲೀಕರ ತಮ್ಮನ ಟ್ರ್ಯಾಕ್ಟರ್ ಓಡಿಸುತ್ತಾನೆ. ಚಿತ್ರ ದೂರದ ಊರಿನಲ್ಲಿ ತೆರೆಕಂಡರೂ ಅದರ ತುಣುಕು ಮದ್ದೂರಿನ ಮೊಬೈಲುಗಳಿಗೆ ಬರಲು ಎಷ್ಟು ಹೊತ್ತು ಬೇಕು? ನೀವು ಆ ರಾತ್ರಿ ಮೈಸೂರಿನಲ್ಲಿರುತ್ತೀರಿ, ಅವರು ಅಲ್ಲೇ ಇರುತ್ತಾರೆ.

ಆ ಗೆಳೆಯನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅಪ್ಪನಾದರೂ ನಿಮ್ಮ ಊಟದ ಚಿಂತೆ ಮಾಡುತ್ತಿದ್ದಾರೆ. ಇವನು ಇನ್ನೊಬ್ಬರ ಬದುಕನ್ನು ಒತ್ತೆಯಿಟ್ಟು ಚಪ್ಪಾಳೆ ಗಿಟ್ಟಿಸಲು ನಿಮಗೆ ಕಲಿಸುತ್ತಿದ್ದಾನೆ.

ಸಾಕ್ಷ್ಯಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ 1985ರಲ್ಲಿ ಮುಂಬೈ ಕೊಳೆಗೇರಿಗಳ ತೆರವಿನ ಬಗ್ಗೆ ‘ಹಮಾರಾ ಶಹರ್’ ಮಾಡಿದರು. ಬಡವರ ಚಿತ್ರ ತೆಗೆದು ಏನು ಮಾಡುತ್ತೀರಿ ಎಂದು ಹೆಂಗಸೊಬ್ಬರು ಕ್ಯಾಮೆರಾದವರನ್ನೇ ತರಾಟೆಗೆ ತೆಗೆದುಕೊಳ್ಳುವ ದೃಶ್ಯ ಅದರಲ್ಲಿದೆ. ಪಟವರ್ಧನ್ ಅದನ್ನು ಕತ್ತರಿಸಲಿಲ್ಲ. ಈ ವೃತ್ತಿಯಲ್ಲಿ ಉಳಿಯುವವರು ಆ ಪ್ರಶ್ನೆಗೆ ಕಿವಿಗೊಡಲೇಬೇಕು.

ಮುಖ ಮಸುಕು ಮಾಡಿದರಷ್ಟೇ ಸಾಲದು. ದನಿ, ಮನೆಯ ಬಾಗಿಲು, ಊರಿನ ಫಲಕ, ಸೀರೆ, ಯಾವುದರಿಂದಲೂ ಊರಿನವರು ಗುರುತು ಹಿಡಿದುಬಿಡುತ್ತಾರೆ. ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವುವ ಕೈಗಳು, ಕೊಪ್ಪರಿಗೆಯ ಹಬೆ, ಅಚ್ಚಿಗೆ ಬೀಳುವ ಪಾಕ ನಿಮ್ಮ ಬಳಿ ಇವೆಯಲ್ಲ. ಅವರ ಮಾತನ್ನು ಬೇರೆಯವರ ದನಿಯಲ್ಲಿ ಹೇಳಿಸಿ. ಚಿತ್ರ ಕುಂಟಿದರೆ ಕುಂಟಲಿ.

ನಾನು ಈ ಅಂಕಣದಲ್ಲಿ ಸದಾ ಹೇಳುವ ಮಾತು: ದೊಡ್ಡ ವಿಷಯವನ್ನು ಫೋನಿನಲ್ಲಿ ಮುಗಿಸಬಾರದು. ಉತ್ಸವಕ್ಕೆ ಪ್ರತಿ ಕಳಿಸುವ ಮೊದಲು ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿ. ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಆ ಅಕ್ಕನಿಗೆ ಇಡೀ ಚಿತ್ರ ತೋರಿಸಿ. ಬೇಡವೆಂದದ್ದನ್ನೆಲ್ಲ ಅಳಿಸಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸಬೇಕಾದ್ದೇ ಅಲ್ಲ. ಅವರಿಗೆ ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪ್ರಮಾಣಪತ್ರ ಸಿಕ್ಕಿದೆಯೇ ಕೇಳಿ. ಸಿಕ್ಕಿರದಿದ್ದರೆ, ಅವರಿಗೆ ಇಷ್ಟವಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಜೊತೆಯಲ್ಲಿ ಹೋಗಿ. ಹೆಂಗಸರಿಗೆ ಅಲ್ಲಿ ವರಮಾನ ಎಷ್ಟೇ ಇರಲಿ ನೆರವು ಉಚಿತ.

ಇನ್ನು ನಿಮ್ಮ ಪ್ರಶ್ನೆ. ಕಾಲೇಜಿನ ಕೆಲಸಕ್ಕೆ ಸೇರಿ, ಮದುವೆ ವಿಡಿಯೊಗಳನ್ನೂ ಬಿಡಬೇಡಿ. ಸಂಬಳ ಬರುವವರಿಗೆ ಚಿತ್ರವನ್ನು ತಡಮಾಡುವ ಧೈರ್ಯವಿರುತ್ತದೆ. ಪಟವರ್ಧನ್ ‘ಜೈ ಭೀಮ್ ಕಾಮ್ರೇಡ್’ ಮುಗಿಸಲು 14 ವರ್ಷ ತೆಗೆದುಕೊಂಡರು. ಈ ಉತ್ಸವ ತಪ್ಪಿದರೆ ಇನ್ನೊಂದಿದೆ. ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಮುಂಬೈ ಚಿತ್ರೋತ್ಸವ, ಎಲ್ಲೂ ಬಾಗಿಲು ಮುಚ್ಚಿಲ್ಲ.

ಮದ್ದೂರಿಗೆ ಹೋಗುವಾಗ ಆ ಗೆಳೆಯನನ್ನು ಜೊತೆಗೆ ಕರೆದೊಯ್ಯಬೇಡಿ.