ಅವಳು ಬಾರದ ದಿನ ಯಾರು ಕೇಳುತ್ತಾರೆ?

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಹೆಸರಾಗಲಿ ಶಾಲೆಯ ಹೆಸರಾಗಲಿ ಅಚ್ಚಾಗುವುದು ಬೇಡವೆಂದಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ.

ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ನಿಮ್ಮ ಮಗಳು ಈ ವರ್ಷ 11ನೇ ತರಗತಿಗೆ, ಐ.ಬಿ. (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಡಿಪ್ಲೊಮಾಕ್ಕೆ ಸೇರಿದ್ದಾಳೆ. ಶಾಲೆ ಕೊಟ್ಟ ಪಟ್ಟಿಯಲ್ಲಿ ರೊಬೊಟಿಕ್ಸ್‌ನಿಂದ ಕುಂಬಾರಿಕೆಯವರೆಗೆ ಮೂವತ್ತಕ್ಕೂ ಹೆಚ್ಚು ಕ್ಲಬ್ಬುಗಳಿವೆ. ಅವಳು ಗುರುತು ಹಾಕಿದ್ದು ಒಂದೇ ಒಂದಕ್ಕೆ, ನಾಟಕ ತಂಡಕ್ಕೆ. ಅಲ್ಲಿಯೂ ಅಭಿನಯ ಬೇಡ, ಬೆಳಕಿನ ಕೆಲಸ ಸಾಕು ಎಂದಿದ್ದಾಳೆ. ನಿಮ್ಮ ಓರಗಿತ್ತಿಯ ಮಗ ಇದೇ ವಯಸ್ಸಿಗೆ ಆರು ಕ್ಲಬ್ಬುಗಳಲ್ಲಿದ್ದಾನೆ, ಎರಡಕ್ಕೆ ಅಧ್ಯಕ್ಷ. ವಿದೇಶದ ಕಾಲೇಜುಗಳ ಪ್ರವೇಶಕ್ಕೆ ಸಲಹೆ ನೀಡುವವರೊಬ್ಬರು "ಹುಡುಗಿ ಏನನ್ನಾದರೂ ಸ್ಥಾಪಿಸಿರಬೇಕು, ಒಂದು ಎನ್‌ಜಿಒ ಆದರೂ ಸರಿ" ಎಂದರಂತೆ. ನಿಮ್ಮ ಯಜಮಾನರದ್ದು ಇನ್ನೊಂದು ತುದಿ: "ನಾವೆಲ್ಲ ಯಾವ ಕ್ಲಬ್ಬಿಗೆ ಹೋಗಿ ಇಂಜಿನಿಯರ್ ಆದೆವು?" ಇಬ್ಬರ ನಡುವೆ ಸಿಕ್ಕಿಕೊಂಡ ನೀವು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ: "ಇದೂ ಓದೇನೋ, ಅಥವಾ ಓದಿಗೆ ತೊಡಿಸುವ ಒಡವೆಯೋ?"

ಈ ಸಾಲನ್ನು ಓದಿದ ಮೇಲೆ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ಪತ್ರದಲ್ಲಿರುವ ಒಂದು ತಪ್ಪು ಗ್ರಹಿಕೆಯನ್ನು ಸರಿಪಡಿಸುತ್ತೇನೆ. ಶಾಲೆಯವರು ‘ಕ್ಯಾಸ್’ ಎಂದು ಕರೆಯುವ, ಅಂದರೆ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಈ ಮೂರೂ ಸೇರಿದ ಭಾಗಕ್ಕೆ ಎಷ್ಟು ಅಂಕ ಎಂದು ಕೇಳಿದ್ದೀರಿ. ಒಂದು ಅಂಕವೂ ಇಲ್ಲ. ಐ.ಬಿ. ಡಿಪ್ಲೊಮಾದ ಒಟ್ಟು 45 ಅಂಕಗಳಲ್ಲಿ ಆರು ವಿಷಯಗಳಿಗೆ ತಲಾ ಏಳರಂತೆ 42, ಜ್ಞಾನಮೀಮಾಂಸೆಯ ಪಾಠಕ್ಕೂ ದೀರ್ಘ ಪ್ರಬಂಧಕ್ಕೂ ಸೇರಿ ಮೂರು. ಕ್ಯಾಸ್‌ಗೆ ಸೊನ್ನೆ. ಆದರೆ ಅದನ್ನು ಪೂರೈಸದವರಿಗೆ ಡಿಪ್ಲೊಮಾವೇ ಇಲ್ಲ. ಹಿಂದೆ 150 ಗಂಟೆ ಎಂಬ ಲೆಕ್ಕವಿತ್ತು, ಅದನ್ನು ಕೈಬಿಟ್ಟಿದ್ದಾರೆ. ಈಗ ಸುಮಾರು 18 ತಿಂಗಳ ಕಾಲ ಬಿಟ್ಟೂ ಬಿಡದೆ ತೊಡಗಿಕೊಂಡಿರಬೇಕು, ಕನಿಷ್ಠ ಒಂದು ತಿಂಗಳು ನಡೆಯುವ ಒಂದು ಯೋಜನೆ ಇರಬೇಕು, ಮಾಡಿದ್ದರ ಬಗ್ಗೆ ತಾನೇ ಯೋಚಿಸಿ ದಾಖಲಿಸಿಡಬೇಕು. ಇಷ್ಟು ಕ್ಲಬ್ಬಿಗೆ ಸೇರಲೇಬೇಕೆಂದು ಐ.ಬಿ. ಎಲ್ಲಿಯೂ ಹೇಳುವುದಿಲ್ಲ. ಹಾಗೆ ಹೇಳಿದ್ದರೆ ಅದು ನಿಮ್ಮ ಶಾಲೆಯ ನಿಯಮ, ಸಂಯೋಜಕರನ್ನು ನೇರವಾಗಿ ಕೇಳಿ. ಒಂದು ಎಚ್ಚರಿಕೆ ಮಾತ್ರ ಬೇಕು: ನಾಟಕವನ್ನು ಅವಳು ಪರೀಕ್ಷೆಯ ವಿಷಯವಾಗಿಯೂ ತೆಗೆದುಕೊಂಡಿದ್ದರೆ, ಆ ಪಾಠಕ್ಕಾಗಿ ಮಾಡಿದ ಕೆಲಸವನ್ನು ಕ್ಯಾಸ್‌ನಲ್ಲಿ ತೋರಿಸುವಂತಿಲ್ಲ.

ಅಂಕವಿಲ್ಲದ್ದನ್ನು ಕಡ್ಡಾಯ ಮಾಡಿದ್ದೇಕೆ? ನಿಮ್ಮ ಯಜಮಾನರ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ, ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಕರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಣತಜ್ಞರಿದ್ದರು. 1920ರಲ್ಲಿ ಸಾಲೆಮ್ ಎಂಬಲ್ಲಿ ಶಾಲೆ ತೆರೆದವರು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿ 1933ರಲ್ಲಿ ಸೆರೆಮನೆ ಸೇರಿದರು, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಹೋಗಿ ಮತ್ತೆ ಶಾಲೆ ಕಟ್ಟಿದರು. ಓದಿನಲ್ಲಿ ಮುಂದಿರುವ ಹುಡುಗರಲ್ಲಿಯೂ ಮೈಯ ಕಸುವು, ಕೆಲಸದ ಶ್ರದ್ಧೆ, ಇನ್ನೊಬ್ಬರ ಮೇಲಿನ ಕರುಣೆ ಕ್ಷೀಣಿಸುತ್ತಿವೆ ಎಂಬುದು ಅವರ ಕೊರಗು. ಅದಕ್ಕೆ ಅವರು ಹುಡುಕಿದ ಮದ್ದು ಭಾಷಣವಲ್ಲ, ಜೀವ ಉಳಿಸುವ ಕೆಲಸ. ಅವರ ಆಲೋಚನೆಯ ಮೇಲೆಯೇ 1962ರಲ್ಲಿ ವೇಲ್ಸ್‌ನ ಕಡಲ ದಂಡೆಯ ಹಳೆಯ ಕೋಟೆಯೊಂದರಲ್ಲಿ ಅಟ್ಲಾಂಟಿಕ್ ಕಾಲೇಜು ಶುರುವಾಯಿತು. ಬೇರೆ ಬೇರೆ ದೇಶಗಳಿಂದ ಬಂದ ಹದಿನಾರು, ಹದಿನೇಳರ ಹುಡುಗರು. ಮಧ್ಯಾಹ್ನದ ಹೊತ್ತು ಅವರಿಗೆ ಕಡಲ ರಕ್ಷಣೆಯ ತರಬೇತಿ. ಆ ದಂಡೆಯಲ್ಲಿ ದೋಣಿ ಮುಗುಚಿದರೆ ಧಾವಿಸಬೇಕಾದವರು ಈ ವಿದ್ಯಾರ್ಥಿಗಳೇ.

ಆ ಒರಟು ಕಡಲಿಗೆ ಆಗ ಸಿಗುತ್ತಿದ್ದ ದೋಣಿಗಳು ಹೊಂದುತ್ತಿರಲಿಲ್ಲ. ಬರೀ ಗಾಳಿ ತುಂಬಿದ ರಬ್ಬರ್ ದೋಣಿಯ ತಳ ಕಲ್ಲುಗಳಿಗೆ ತಾಗಿ ಹರಿದುಹೋಗುತ್ತಿತ್ತು. ನೌಕಾಪಡೆಯಿಂದ ನಿವೃತ್ತರಾಗಿದ್ದ ಮುಖ್ಯೋಪಾಧ್ಯಾಯ ಡೆಸ್ಮಂಡ್ ಹೋರ್ ಮತ್ತು ವಿದ್ಯಾರ್ಥಿಗಳು ಸೇರಿ ಪ್ಲೈವುಡ್ಡಿನ ಗಟ್ಟಿ ತಳಕ್ಕೆ ಗಾಳಿಯ ಕೊಳವೆಗಳನ್ನು ಅಂಟಿಸಿ ಕಡಲಿಗೆ ಇಳಿಸಿದರು. ಅದು ಒಡೆಯಿತು, ಇನ್ನೊಂದು ಮಾಡಿದರು. ಅದೂ ಒಡೆಯಿತು. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಕೈಗೂಡಿದ ವಿನ್ಯಾಸದ ಹಕ್ಕನ್ನು ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಗೆ ಅವರು ಒಂದು ಪೌಂಡಿಗೆ ಬಿಟ್ಟುಕೊಟ್ಟರು. 1972ರಲ್ಲಿ ಆ ಸಂಸ್ಥೆಯ ಸೇವೆಗೆ ಇಳಿದ ದೋಣಿಗೆ ಕಾಲೇಜಿನ ನೆನಪಿಗೆ ‘ಅಟ್ಲಾಂಟಿಕ್’ ಎಂದೇ ಹೆಸರು. ಗಟ್ಟಿ ತಳ, ಗಾಳಿ ತುಂಬಿದ ಅಂಚು ಇರುವ ಅಂಥ ದೋಣಿಗಳನ್ನು ಇಂದು ಜಗತ್ತಿನ ಎಷ್ಟೋ ಕರಾವಳಿಗಳಲ್ಲಿ ಕಾಣಬಹುದು. ಪಠ್ಯೇತರ ಚಟುವಟಿಕೆ ಎಂದು ನಾವು ಕರೆಯುವುದರಿಂದ ಹುಟ್ಟಿದ ವಸ್ತು ಅದು. ಐ.ಬಿ. 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದಾಗ ಅದನ್ನು ಮೊದಮೊದಲು ಅಪ್ಪಿಕೊಂಡ ಶಾಲೆಗಳಲ್ಲಿ ಅಟ್ಲಾಂಟಿಕ್ ಕಾಲೇಜೂ ಒಂದು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ದೋಣಿಯ ಜಾಣ್ಮೆಯಲ್ಲ. ಸರದಿಯಲ್ಲಿದ್ದ ಹುಡುಗ ಅಂದು ಬರದಿದ್ದರೆ ದೋಣಿ ಹೊರಡುತ್ತಿರಲಿಲ್ಲ. ನಿಮ್ಮ ಮಗಳ ಶಾಲೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಕ್ಲಬ್ಬಿನ ಬಗ್ಗೆಯೂ ಇದನ್ನೇ ಕೇಳಿ ನೋಡಿ: ಅವಳು ಬಾರದ ದಿನ ಯಾರಿಗಾದರೂ ಕೊರತೆಯಾಗುತ್ತದೆಯೇ? ಯಾರಾದರೂ "ಅವಳೆಲ್ಲಿ?" ಎಂದು ಕೇಳುತ್ತಾರೆಯೇ?

ಈ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ವಾರ್ಷಿಕೋತ್ಸವದ ನಾಟಕದಲ್ಲಿ ಎರಡು ವರ್ಷ ನನ್ನ ಪಾಲಿಗೆ ಬಂದದ್ದು ಅಂಕದ ಪರದೆ ಎಳೆಯುವ ಕೆಲಸ. ನೂಲಿನ ಹಗ್ಗ, ತುದಿಗೆ ಎರಡು ಗಂಟು. ಜೋರಾಗಿ ಎಳೆದರೆ ಪರದೆ ನಡುವೆ ಸಿಕ್ಕಿಕೊಳ್ಳುತ್ತಿತ್ತು, ಮೆಲ್ಲಗೆ ಎಳೆದರೆ ಸತ್ತುಬಿದ್ದ ಪಾತ್ರಧಾರಿ ಎದ್ದು ಹೋಗುವುದು ಸಭೆಗೆಲ್ಲ ಕಾಣುತ್ತಿತ್ತು. ಎದುರಿನ ಸೈಡ್ ವಿಂಗ್‌ನಲ್ಲಿ ನಿಂತ ಕನ್ನಡ ಮೇಷ್ಟ್ರು ಟಾರ್ಚನ್ನು ಒಮ್ಮೆ ಮಿನುಗಿಸಿದರೆ ಸಿದ್ಧವಾಗಬೇಕು, ಎರಡು ಸಲ ಮಿನುಗಿಸಿದರೆ ಎಳೆಯಬೇಕು. ಇಡೀ ನಾಟಕ ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಯಾವ ಮಾತಿನ ನಂತರ ಹಗ್ಗಕ್ಕೆ ಕೈ ಹಾಕಬೇಕೆಂದು ತಿಳಿದಿರಬೇಕಿತ್ತು. ಎರಡನೆಯ ವರ್ಷ ತಾಲೀಮಿನ ನಡುವೆ ಜ್ವರ ಬಂದು ಮೂರು ದಿನ ಮಲಗಿದೆ. ನಾಲ್ಕನೆಯ ದಿನ ಸಂಜೆ ಮೇಷ್ಟ್ರು ಸೈಕಲ್ಲಿನಲ್ಲಿ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, "ಪರದೆಗೆ ಬೇರೆ ಯಾರೂ ಆಗುತ್ತಿಲ್ಲ ಕಣಪ್ಪ" ಎಂದರು. ಅವರು ಹಾಗೆಂದಾಗ ಮೈಯಲ್ಲಿ ಓಡಾಡಿದ ಸಂತೋಷ ಇಂದಿಗೂ ನೆನಪಿದೆ. ನನ್ನಿಂದ ಆಗಬೇಕಾದ ಕೆಲಸವೊಂದು ಈ ಲೋಕದಲ್ಲಿದೆ ಎಂದು ಗೊತ್ತಾದದ್ದು ಅಂದೇ.

ಆದ್ದರಿಂದ ನಿಮ್ಮ ಮಗಳು ಬೆಳಕಿನ ಕೆಲಸ ಆರಿಸಿಕೊಂಡಳೆಂದು ನೊಂದುಕೊಳ್ಳಬೇಡಿ. ಆ ಹುಡುಗಿಯ ಆಯ್ಕೆ ನನಗೆ ತುಂಬ ಹಿಡಿಸಿತು. ಬೆಳಕು ಮಾಡುವವರು ಕತ್ತಲಲ್ಲಿ ಕುಳಿತು ಬೇರೆಯವರ ಮಾತಿಗೆ ಕಿವಿಗೊಡಬೇಕು. ಒಂದು ಕ್ಷಣ ತಪ್ಪಿದರೆ ಅಭಿನಯವೆಲ್ಲ ನೀರುಪಾಲು. ನಮ್ಮ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗಿನಿಂದ ಅಭಿನಯದ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನೂ ಕಲಿಸುತ್ತ ಬಂದಿದೆ. ಇದು ಹಿಂದೆ ಸರಿಯುವವರ ಕೆಲಸವೆಂದು ಕನ್ನಡ ರಂಗಭೂಮಿ ಬಲ್ಲವರು ಯಾರೂ ಹೇಳಲಾರರು.

ಸೇವೆಯ ಭಾಗಕ್ಕೆ ಬರುತ್ತೇನೆ, ಏಕೆಂದರೆ ಒಡವೆ ಅತಿಯಾಗಿ ಕಾಣಿಸುವುದು ಅಲ್ಲೇ. ಎರಡು ವರ್ಷದ ಹಿಂದೆ ಆನೇಕಲ್ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಲೇಖನದ ಕೆಲಸದ ಮೇಲೆ ಕೆಲವು ಶನಿವಾರ ಹೋಗಿದ್ದೆ. ಒಂದು ದಿನ ಇಂಟರ್‌ನ್ಯಾಷನಲ್ ಶಾಲೆಯೊಂದರಿಂದ ಎರಡು ಬಸ್ಸು ತುಂಬ ಮಕ್ಕಳು ಬಂದರು. ಬ್ಯಾನರ್ ಕಟ್ಟಿದರು, ಬಣ್ಣದ ಪೆನ್ಸಿಲ್ ಹಂಚಿದರು, ಪುಟ್ಟ ಮಕ್ಕಳನ್ನು ನಡುವೆ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡು ಮುಕ್ಕಾಲು ಗಂಟೆಯಲ್ಲಿ ಹೊರಟರು. ಮುಖ್ಯ ಶಿಕ್ಷಕಿ ಬೀರು ತೆರೆದು ತೋರಿಸಿದರು: ಅಂಥದ್ದೇ ಪೆನ್ಸಿಲ್ ಡಬ್ಬಿಗಳು, ಆ ವರ್ಷ ಬಂದು ಹೋದ ಬೇರೆ ಶಾಲೆಗಳವು. ಆ ಮಕ್ಕಳ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅವರನ್ನು ಕರೆತಂದ ದೊಡ್ಡವರು ಯೋಚಿಸಬೇಕಿತ್ತು.

ಅದೇ ಶಾಲೆಗೆ ಇನ್ನೊಂದು ಇಂಟರ್‌ನ್ಯಾಷನಲ್ ಶಾಲೆಯ ಹುಡುಗಿಯೊಬ್ಬಳು ಪ್ರತಿ ಶನಿವಾರ ಬೆಳಿಗ್ಗೆ ಬರುತ್ತಿದ್ದಳು. ನಾಲ್ಕನೇ ತರಗತಿಯ ಒಂಬತ್ತು ಮಕ್ಕಳಿಗೆ ಇಂಗ್ಲಿಷ್ ಕಥೆ ಓದಿಸುವುದು ಅವಳ ಕೆಲಸ. ಅವಳ ಮನೆಮಾತು ಹಿಂದಿ, ಕನ್ನಡ ಅಷ್ಟಕ್ಕಷ್ಟೆ. ‘ಬಾಳೆಹಣ್ಣು’ ಎನ್ನಲು ಹೋಗಿ ‘ಬಾಲೆಹಣ್ಣು’ ಎಂದರೆ ಒಂಬತ್ತೂ ಮಕ್ಕಳು ನಾಲಗೆ ಮಡಿಸಿ ತೋರಿಸಿ ತಿದ್ದುತ್ತಿದ್ದರು. ಒಂದು ಶನಿವಾರ ಅವಳು ಬರಲಿಲ್ಲ. ಒಬ್ಬ ಹುಡುಗ ಮೆಟ್ಟಿಲ ಮೇಲೆ ಕಥೆಪುಸ್ತಕ ಹಿಡಿದು ಕುಳಿತಿದ್ದ. ಹಿಂದಿನ ವಾರ ನಿಲ್ಲಿಸಿದ ಪುಟದ ಗುರುತಿಗೆ ಬೇವಿನ ಕಡ್ಡಿ ಇಟ್ಟಿದ್ದ. ನನ್ನನ್ನು ಕಂಡು ಅವನು ಕೇಳಿದ್ದು ಒಂದೇ ಮಾತು: "ಅಕ್ಕ ಬರಲ್ವಾ?"

ನಿಮ್ಮ ಮಗಳಿಗೆ ಮನೆಯಲ್ಲಿಯೇ ಕನ್ನಡ ಸಿಕ್ಕಿದೆ. ಅವಳ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಇಲ್ಲದ ಬಲ ಅದು. ನನ್ನ ಸಲಹೆ ಇಷ್ಟು: ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳು ಪ್ರತಿಭಾ ಕಾರಂಜಿಗೋ ವಾರ್ಷಿಕೋತ್ಸವಕ್ಕೋ ತಯಾರಾಗುವಾಗ ಅವಳು ಎರಡು ತಿಂಗಳು ಅವರ ಜೊತೆ ನಿಲ್ಲಲಿ. ನಾಟಕ ಕಟ್ಟಲು ನೆರವಾಗಲಿ, ಇರುವ ನಾಲ್ಕು ಬಲ್ಬುಗಳಲ್ಲಿಯೇ ಬೆಳಕು ಮಾಡುವುದನ್ನು ಹೇಳಿಕೊಡಲಿ. ಮೊದಲು ಅಲ್ಲಿನ ಶಿಕ್ಷಕರಿಗೆ ಅದು ಬೇಕೇ ಎಂದು ಕೇಳಿಕೊಂಡು ಬರಲಿ. ಸೃಜನಶೀಲತೆಯೂ ಸೇವೆಯೂ ಒಂದೇ ಯೋಜನೆಯಲ್ಲಿ ಕೂಡಿಬರಲು ಐ.ಬಿ. ಅಡ್ಡಿ ಮಾಡುವುದಿಲ್ಲ. ದೈಹಿಕ ಚಟುವಟಿಕೆಗೆ ಅವಳು ಬಿಟ್ಟಿರುವ ಈಜನ್ನು ಮತ್ತೆ ಹಿಡಿದರಾಯಿತು.

ಮಕ್ಕಳೇ ಬೇರೆ ಬೇರೆ ದೇಶಗಳ ಪ್ರತಿನಿಧಿಗಳಾಗಿ ಚರ್ಚೆ ನಡೆಸುವ ‘ಮಾದರಿ ವಿಶ್ವಸಂಸ್ಥೆ’ಯ ಬಗ್ಗೆ ಕೇಳಿದ್ದೀರಿ. ತನ್ನದಲ್ಲದ ದೇಶದ ಪರವಾಗಿ ನಿಂತು, ತಾನು ಒಪ್ಪದ ವಾದವನ್ನೂ ಅರ್ಥ ಮಾಡಿಕೊಂಡು ಮಂಡಿಸುವುದು ಒಳ್ಳೆಯ ಅಭ್ಯಾಸ. ಆದರೆ ಊರೂರಿನ ಸಮ್ಮೇಳನಗಳ ನೋಂದಣಿ ಶುಲ್ಕ, ಹೋಟೆಲು, ಕೋಟು, ‘ಅತ್ಯುತ್ತಮ ಪ್ರತಿನಿಧಿ’ ಪ್ರಶಸ್ತಿಯ ಹಿಂದೆ ಓಡುವುದಾದರೆ ಬೇಡ. 1968ರಿಂದ ಹೇಗ್ ನಗರದಲ್ಲಿ ನಡೆಯುತ್ತ ಬಂದಿರುವ ಹೆಸರಾಂತ ಸಮ್ಮೇಳನದಲ್ಲಿ ಅಂಥ ಪ್ರಶಸ್ತಿಯನ್ನೇ ಕೊಡುವುದಿಲ್ಲ. ಅವಳಿಗೆ ಮನಸ್ಸಿದ್ದರೆ ಹೋಗಲಿ, ಇಲ್ಲದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ರವೇಶದ ಸಲಹೆಗಾರರು ‘ಸ್ಥಾಪಕಿ’ಯಾಗಬೇಕು ಎಂದದ್ದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಬಹಳಷ್ಟು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಸಾಲುಗಳಿವೆ, ಒಂದೊಂದರ ವಿವರಣೆಗೆ 150 ಅಕ್ಷರಗಳಷ್ಟೇ ಜಾಗ. ಹತ್ತನ್ನೂ ತುಂಬಲೇಬೇಕೆಂದಿಲ್ಲ. ಅಲ್ಲಿ ಯಾವ ಯಾವ ತರಗತಿಯಲ್ಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ಕೇಳುತ್ತಾರೆ. 12ನೇ ತರಗತಿಯ ಆಗಸ್ಟಿನಲ್ಲಿ ಹುಟ್ಟಿ ಜನವರಿಗೆ ಮುಚ್ಚುವ ಎನ್‌ಜಿಒ ಎಂಥದ್ದೆಂದು ಆ ಅಂಕಿಗಳೇ ಹೇಳಿಬಿಡುತ್ತವೆ. ಹೆಸರಿಗೊಂದು ಸಂಸ್ಥೆ ಕಟ್ಟಿ ಅದರ ಬಗ್ಗೆ ಹೆಮ್ಮೆಯಿಂದ ಬರೆಯುವುದನ್ನು ಹದಿನಾರರ ಹುಡುಗಿಗೆ ನಾವೇ ಕಲಿಸುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಸೀಟು ಸಿಗಲಿ, ಬಿಡಲಿ, ಆ ಅಭ್ಯಾಸ ಮಾತ್ರ ಅವಳ ಜೊತೆಗೇ ಉಳಿಯುತ್ತದೆ.

ಯಜಮಾನರಿಗೂ ಒಂದು ಮಾತಿದೆ. ಕ್ಲಬ್ಬಿಲ್ಲದೆ ಬೆಳೆದೆವು ಎಂದು ಅವರು ಹೇಳುತ್ತಾರೆ. ಆದರೆ ಪತ್ರದ ಮೂರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ, ಕಾಲೇಜಿನ ದಿನಗಳಲ್ಲಿ ಚನ್ನಗಿರಿ ಕಡೆಯ ಹಳ್ಳಿಯೊಂದರಲ್ಲಿ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ ರಸ್ತೆಗೆ ಮಣ್ಣು ಹೊತ್ತದ್ದನ್ನು ಅವರು ಈಗಲೂ ಹೇಳುತ್ತಿರುತ್ತಾರೆಂದು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಅವರು ಮಣ್ಣು ಹೊತ್ತ ಆ ಶಿಬಿರವೂ ಮಗಳ ಕ್ಯಾಸ್ ಪುಸ್ತಕವೂ ಒಂದೇ ಕುಲದವು. ಆ ರಸ್ತೆಯ ಕಥೆಯನ್ನು ಒಂದು ಭಾನುವಾರ ಅವಳಿಗೆ ಬಿಡಿಸಿ ಹೇಳಲಿ. ಹಳ್ಳಿಯವರು ಊಟಕ್ಕೆ ಏನು ಹಾಕಿದರು, ಕೈಯಲ್ಲಿ ಬೊಬ್ಬೆ ಎದ್ದಾಗ ಏನು ಮಾಡಿದರು, ಎಲ್ಲವನ್ನೂ ಹೇಳಲಿ.

ಇನ್ನು ಬಸ್ಸಿನ ವಿಷಯ. ತಾಲೀಮಿನ ದಿನಗಳಲ್ಲಿ ಸಂಜೆ ಐದೂವರೆಯ ಬಸ್ಸು ಹಿಡಿದು ಮನೆ ಸೇರುವಾಗ ಏಳು ದಾಟುತ್ತದೆ, ವಾರಕ್ಕೆ ಎರಡು ದಿನ ಹಾಗಾದರೆ ಓದು ಹಾಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ಎರಡು ದಿನ ಧಾರಾಳವಾಗಿ ಬಿಡಿ. ಐದು ದಿನ ಐದು ಕ್ಲಬ್ಬಿಗೆ ಹೋಗುವುದಾಗಿದ್ದರೆ ಬೇಡವೆನ್ನುತ್ತಿದ್ದೆ. ಬಸ್ಸಿನಲ್ಲಿ ತಿನ್ನಲು ಚಕ್ಕುಲಿಯನ್ನೋ ಅವಲಕ್ಕಿಯನ್ನೋ ಸ್ವಲ್ಪ ಹೆಚ್ಚಿಗೆ ಕಟ್ಟಿಕೊಡಿ, ತಾಲೀಮು ಮುಗಿಸಿದ ಮಕ್ಕಳಿಗೆ ಹಸಿವು ಜಾಸ್ತಿ, ಗೆಳತಿಯರಿಗೂ ಹಂಚಬೇಕಾಗುತ್ತದೆ. ನಾಟಕದ ದಿನ ನೀವಿಬ್ಬರೂ ಹೋಗಿ, ಸಾಧ್ಯವಾದರೆ ಹಿಂದಿನ ಸಾಲಿನಲ್ಲಿ, ಬೆಳಕಿನ ಮೇಜಿಗೆ ಹತ್ತಿರ ಕುಳಿತುಕೊಳ್ಳಿ. ಅಲ್ಲಿಂದ ಅವಳ ಕೈಗಳು ಕಾಣುತ್ತವೆ.

ವಿಶ್ವಾಸದಿಂದ,
ಸಂಪಾದಕ